ಬಚ್ಚಲ ಹಂಡೆಗೆ ಸೌದೆ ಬದಲು ಪೆಲೆಟ್ ಒಲೆ: ಬೆಂಗಳೂರಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹಳೆಯ ಬಡಾವಣೆಗಳ ಕೆಲವು ಮನೆಗಳಲ್ಲಿ, ಕೆಂಗೇರಿ, ಯಲಹಂಕ, ಆನೇಕಲ್, ಹೆಸರಘಟ್ಟದ ಕಡೆಯ ಹಲವು ಮನೆಗಳಲ್ಲಿ ಸ್ನಾನದ ನೀರು ಇಂದಿಗೂ ಸೌದೆಯಲ್ಲೇ ಕಾಯುತ್ತದೆ. ಹೊಗೆ, ಮಸಿ, ಸೌದೆ ಒಡೆಯುವ ಪಾಡು ಸಾಕಾಗಿ ಪೆಲೆಟ್ ಒಲೆಗೆ ಬರಬೇಕೆಂದಿರುವವರಿಗಾಗಿ ಈ ಪುಟ. ಅಡುಗೆ ಒಲೆಯ ಮಾತು ಇಲ್ಲಿ ಕಡಿಮೆ. ಮುಖ್ಯವಾಗಿ ಹಂಡೆ, ಬಾಯ್ಲರ್ ಮತ್ತು ಬಚ್ಚಲುಮನೆಯ ಸಂಗತಿ.

ಪೆಲೆಟ್ ಅಂದರೆ ಏನು? ಸೌದೆಗಿಂತ ಅದರಲ್ಲಿ ಏನು ಹೆಚ್ಚು?

ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಹೊಲದ ಕಸಕಡ್ಡಿಯನ್ನು ಒಣಗಿಸಿ, ಪುಡಿ ಮಾಡಿ, ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನ ತೂತುಗಳ ಮೂಲಕ ತಳ್ಳಿ ತೆಗೆದ ಗಟ್ಟಿ ಕಡ್ಡಿಗಳೇ ಪೆಲೆಟ್. ದಪ್ಪ 6 ಅಥವಾ 8 ಮಿ.ಮೀ., ಉದ್ದ ಬೆರಳ ಗೆಣ್ಣಿನಷ್ಟು. ಅಂಟು ಬೇಕಾಗುವುದಿಲ್ಲ. ಮರದಲ್ಲೇ ಇರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ ಪುಡಿಯನ್ನು ಹಿಡಿದಿಡುತ್ತದೆ.

ಹೆಚ್ಚುಗಾರಿಕೆ ಇರುವುದು ಒಣಗಿರುವುದರಲ್ಲಿ. ಒಳ್ಳೆಯ ಪೆಲೆಟ್‌ನಲ್ಲಿ ತೇವ 100ಕ್ಕೆ 10ರೊಳಗೆ. ಡಿಪೋದಿಂದ ತಂದ ನೀಲಗಿರಿ ಅಥವಾ ಸರ್ವೆ ಸೌದೆಯಲ್ಲಿ ಎಷ್ಟೋ ಸಲ 30 ದಾಟಿರುತ್ತದೆ. ಆ ನೀರನ್ನು ಆವಿ ಮಾಡುವುದಕ್ಕೇ ಒಲೆಯ ಶಾಖದ ಒಂದು ಪಾಲು ಹೋಗುತ್ತದೆ, ಹೊಗೆಯೂ ಅಲ್ಲಿಂದಲೇ ಶುರು. ಮರದ ಹೊಟ್ಟಿನ ಪೆಲೆಟ್ ಕೆಜಿಗೆ ಸುಮಾರು 4,000 ಕಿಲೊ ಕ್ಯಾಲೊರಿ ಕೊಟ್ಟರೆ ಹಸಿ ಮಾಸದ ಸೌದೆ 3,000ದ ಆಸುಪಾಸಿನಲ್ಲೇ ನಿಲ್ಲುತ್ತದೆ.

ಈಗಿರುವ ಸೌದೆ ಒಲೆಗೇ ಪೆಲೆಟ್ ಸುರಿದರೆ ಸಾಲದೇ?

ಸಾಲದು. ಬಹಳ ಜನ ಮೊದಲು ಮಾಡುವ ಪ್ರಯೋಗ ಇದೇ, ಬೇಸತ್ತು ಬಿಡುವುದೂ ಇದರಿಂದಲೇ. ಸೌದೆ ತುಂಡುಗಳ ನಡುವೆ ಗಾಳಿಗೆ ದಾರಿ ಇರುತ್ತದೆ. ಪೆಲೆಟ್ ರಾಶಿ ರಾಗಿ ಮೂಟೆಯ ಹಾಗೆ ಒತ್ತಾಗಿ ಕೂರುತ್ತದೆ. ಮೇಲ್ಪದರ ಹೊತ್ತಿಕೊಂಡರೂ ಒಳಗಿನದು ಗಾಳಿ ಸಿಗದೆ ಕಮರುತ್ತದೆ, ಹಳದಿ ಹೊಗೆ ಎದ್ದು ಬಚ್ಚಲು ತುಂಬುತ್ತದೆ.

ಪೆಲೆಟ್‌ಗೆ ಎರಡು ಕಡೆಯಿಂದ ಗಾಳಿ ಬೇಕು. ಕೆಳಗಿನ ಜಾಲರಿಯಿಂದ ಬರುವ ಅಲ್ಪ ಗಾಳಿ ಪೆಲೆಟ್ಟನ್ನು ಕಾಯಿಸಿ ಅನಿಲ ಹೊರಡಿಸುತ್ತದೆ. ಒಲೆಯ ಕಂಠದ ಸುತ್ತಲಿನ ತೂತುಗಳಿಂದ ಬರುವ ಬಿಸಿ ಗಾಳಿ ಆ ಅನಿಲವನ್ನು ಉರಿಸುತ್ತದೆ. ಹೊಗೆಯಾಗಿ ಹೋಗಬೇಕಿದ್ದದ್ದೇ ಜ್ವಾಲೆಯಾಗುವುದು ಹೀಗೆ.

ಯಾವ ಬಗೆಯ ಒಲೆ ಕೊಳ್ಳಬೇಕು?

ಮನೆಯ ಹಂಡೆಗೆ ನಮ್ಮ ಶಿಫಾರಸು, ಒಮ್ಮೆಗೆ ತುಂಬಿ ಮೇಲಿನಿಂದ ಹೊತ್ತಿಸುವ, ಸಣ್ಣ ಬ್ಲೋವರ್ ಇರುವ ಒಲೆ. ರಚನೆ ಸರಳ. ಕೆಟ್ಟರೆ ಪೀಣ್ಯದ ಯಾವುದೇ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಸರಿ ಮಾಡಿಸಬಹುದು. ಒಳಗಿನ ಉರಿಕೋಣೆ ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಬೆಂಕಿ ತಡೆಯುವ ಸೆರಾಮಿಕ್ ಆಗಿರಲಿ. ಸಾದಾ ಕಬ್ಬಿಣದ ತಗಡು ಆ ಬಿಸಿಗೆ ಪದರ ಪದರವಾಗಿ ಉದುರಿ ಬೇಗ ತೂತು ಬೀಳುತ್ತದೆ.

ಮೇಲೆ ಡಬ್ಬಿ, ಒಳಗೆ ಸುರುಳಿ ತಿರುಪು, ತಾನೇ ಪೆಲೆಟ್ ಉಣಿಸಿಕೊಳ್ಳುವ ಬರ್ನರ್‌ಗಳೂ ಇವೆ. ದಿನವಿಡೀ ನೀರು ಕಾಯಿಸುವ ಪಿಜಿ, ಹಾಸ್ಟೆಲ್, ಕಲ್ಯಾಣ ಮಂಟಪಕ್ಕೆ ಅವು ಸರಿ. ಬೆಳಿಗ್ಗೆ ಒಂದು ಗಂಟೆ ಉರಿಸುವ ಮನೆಗೆ ಅಷ್ಟು ಯಂತ್ರ ಬೇಡ.

ನಾಲ್ಕೈದು ಜನರ ಮನೆಗೆ ಎಷ್ಟು ಪೆಲೆಟ್ ಬೇಕು? ಒಲೆಯ ಗಾತ್ರ ಎಷ್ಟು?

ಲೆಕ್ಕ ಸುಲಭ. 1 ಲೀಟರ್ ನೀರು 1 ಡಿಗ್ರಿ ಬಿಸಿಯಾಗಲು 1 ಕಿಲೊ ಕ್ಯಾಲೊರಿ ಬೇಕು. ಡಿಸೆಂಬರ್ ಬೆಳಿಗ್ಗೆ ತೊಟ್ಟಿಯ ನೀರು ಸುಮಾರು 20 ಡಿಗ್ರಿ ಅನ್ನಿ. 40 ಲೀಟರ್ ಹಂಡೆಯನ್ನು 60 ಡಿಗ್ರಿಗೆ ತರಲು 40 × 40, ಅಂದರೆ 1,600 ಕಿಲೊ ಕ್ಯಾಲೊರಿ. ಆ ನೀರಿಗೆ ತಣ್ಣೀರು ಬೆರೆಸಿ 42 ಡಿಗ್ರಿಗೆ ಇಳಿಸಿದರೆ 70 ಲೀಟರಿಗಿಂತ ಸ್ವಲ್ಪ ಹೆಚ್ಚು. 15 ಲೀಟರಿನ ಬಕೆಟ್ ಹೆಚ್ಚುಕಡಿಮೆ ಐದು.

ಸರಿಯಾಗಿ ಕೂರಿಸಿದ ಪೆಲೆಟ್ ಒಲೆಯಲ್ಲಿ ಶಾಖದ 100ಕ್ಕೆ 35 ಭಾಗ ನೀರಿಗೆ ಸೇರಿದರೂ 1.15 ಕೆಜಿ ಸಾಕು. ಹೊತ್ತಿಸುವಾಗಿನ ನಷ್ಟ ಸೇರಿಸಿ 1.25 ಕೆಜಿ ಇಟ್ಟುಕೊಳ್ಳಿ. ಬಾಯಿ ತೆರೆದ ಹಳೆಯ ಸೌದೆ ಒಲೆಯಲ್ಲಿ ನೀರಿಗೆ ಸೇರುವುದು 12 ಭಾಗ ಎಂದು ಹಿಡಿದರೆ ಅದೇ ಕೆಲಸಕ್ಕೆ ನಾಲ್ಕೂವರೆ ಕೆಜಿ ಸೌದೆ. ಎಣ್ಣೆ ಸ್ನಾನದ ದಿನ ತಲೆಗೊಂದು ಬಕೆಟ್ ಜಾಸ್ತಿ ಎಂದರೆ ಎರಡೂ ಅದೇ ಪ್ರಮಾಣದಲ್ಲಿ ಏರುತ್ತವೆ.

1.25 ಕೆಜಿ ಪೆಲೆಟ್‌ಗೆ ಸುಮಾರು 2 ಲೀಟರ್ ಜಾಗ ಬೇಕು. 15 ಸೆಂ.ಮೀ. ಅಗಲದ ಉರಿಕೋಣೆಯಲ್ಲಿ ಅದು 11 ಸೆಂ.ಮೀ. ಎತ್ತರ ಬರುತ್ತದೆ. ಮೇಲೆ ಗಾಳಿ ತೂತುಗಳ ಜಾಗ ಬಿಟ್ಟು ಒಟ್ಟು 15 ಸೆಂ.ಮೀ. ಆಳದ ಕೋಣೆ ಕೇಳಿ. ಅಡುಗೆಗೆಂದು ಮಾಡಿದ, ಅರ್ಧ ಕೆಜಿ ಹಿಡಿಯುವ ಪುಟ್ಟ ಒಲೆ ತಂದು ಹಂಡೆಯ ಕೆಳಗಿಟ್ಟರೆ ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಉರಿ ಮುಗಿದಿರುತ್ತದೆ.

ಖರ್ಚು ನಿಜವಾಗಿ ಇಳಿಯುತ್ತದೆಯೇ?

ಮೇಲಿನ ಲೆಕ್ಕದಂತೆ 1.25 ಕೆಜಿ ಪೆಲೆಟ್ ನಾಲ್ಕೂವರೆ ಕೆಜಿ ಸೌದೆಗೆ ಸಮ. ನಿಮ್ಮ ಡಿಪೋದ ಸೌದೆಯ ಕೆಜಿ ಬೆಲೆಯನ್ನು ಮೂರೂವರೆಯಿಂದ ಗುಣಿಸಿ. ಸಾಗಾಟವೂ ಸೇರಿ ಪೆಲೆಟ್ ಅದಕ್ಕಿಂತ ಅಗ್ಗವಾಗಿ ಮನೆ ಬಾಗಿಲಿಗೆ ಬಂದರೆ ಲಾಭ, ಇಲ್ಲದಿದ್ದರೆ ಇಲ್ಲ. ತೋಟದಿಂದ ಪುಕ್ಕಟೆ ಪುರಳೆ, ತೆಂಗಿನ ಗರಿ ಬರುವ ಮನೆಯವರಿಗೆ ಹಣದಲ್ಲಿ ಲಾಭವಾಗುವುದಿಲ್ಲ. ಕಣ್ಣು ಮತ್ತು ಎದೆಗೆ ಆಗುವ ಲಾಭ ಬೇರೆ ಮಾತು.

ಗೀಸರ್ ಜೊತೆ ಹೋಲಿಸುವವರಿಗೆ: 1,600 ಕಿಲೊ ಕ್ಯಾಲೊರಿ ಎಂದರೆ 1.86 ಯೂನಿಟ್. ಸೋರಿಕೆ ಸೇರಿ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹಾಗಾಗಿ 150-180 ಯೂನಿಟ್ ಬಳಸುವ ಮನೆಗೆ ಈ 60 ಯೂನಿಟ್ ದೊಡ್ಡದು. 100ರ ಒಳಗಿನ ಮನೆಗೆ ಗೀಸರೇ ಸುಲಭವಾಗಬಹುದು, ಆದರೆ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ಎಷ್ಟೆಂದು ಬಿಲ್‌ನಲ್ಲಿ ನೋಡಿಕೊಳ್ಳಿ. ತಾರಸಿಯಲ್ಲಿ ನೆರಳಿಲ್ಲದ ಜಾಗ ಇದ್ದರಂತೂ ಮೊದಲು ಸೋಲಾರ್ ಹಾಕಿಸಿ. ಜುಲೈ-ಆಗಸ್ಟಿನ ಮೋಡದ ವಾರಗಳಿಗೆ ಮಾತ್ರ ಪೆಲೆಟ್ ಒಲೆ ಇಟ್ಟುಕೊಳ್ಳುವುದು ನಮಗೆ ಕಂಡ ಅತ್ಯಂತ ವಿವೇಕದ ಏರ್ಪಾಡು.

ಪೆಲೆಟ್ ಎಲ್ಲಿ ಸಿಗುತ್ತದೆ?

ಒಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹೊಗೆ ಕಡಿಮೆಯ ಒಲೆಗಳ ಕೆಲಸದಲ್ಲಿ ಬೆಂಗಳೂರಿಗೆ ಹೆಸರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಬ್ಲೋವರ್ ಇರುವ ಪೆಲೆಟ್ ಒಲೆಯ ಉರಿಯ ವಿನ್ಯಾಸವೂ 2000ದ ದಶಕದಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ರೂಪುಗೊಂಡು ಲಕ್ಷಾಂತರ ಮನೆಗಳಿಗೆ ಹೋಯಿತು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಪೆಲೆಟ್‌ನ ಕಚ್ಚಾ ಮಾಲಿನ ಬೆಲೆ ಏರಿತು, ಪೂರೈಕೆ ನಿಂತ ಕಡೆಗಳಲ್ಲಿ ಒಲೆಗಳು ಅಟ್ಟ ಸೇರಿದವು.

ಆದ್ದರಿಂದ ಮೊದಲು ಸರಬರಾಜು ಗಟ್ಟಿ ಮಾಡಿಕೊಳ್ಳಿ. ತಯಾರಕರಲ್ಲಿ ಹೆಚ್ಚಿನವರು ಕಾರ್ಖಾನೆಯ ಬಾಯ್ಲರ್‌ಗಳಿಗೆ ಟನ್ ಲೆಕ್ಕದಲ್ಲಿ ಮಾರುವವರು. ದಿನಕ್ಕೆ 1.25 ಕೆಜಿಯಂತೆ ನಿಮಗೆ ಬೇಕಾಗುವುದು ತಿಂಗಳಿಗೆ 38 ಕೆಜಿ. ಇಷ್ಟಕ್ಕೆ ಯಾರೂ ಗಾಡಿ ಕಳಿಸುವುದಿಲ್ಲ. ನಾಲ್ಕು ಮನೆಯವರು ಸೇರಿ ಅರ್ಧ ಟನ್ ತರಿಸಿದರೆ ಮೂರು ತಿಂಗಳಿಗೆ ಬರುತ್ತದೆ. ನೀವು ಪೆಲೆಟ್ ತರಿಸುವ ಪಿಜಿ ಅಥವಾ ಬೇಕರಿಯ ಹತ್ತಿರವಿದ್ದರೆ ಅವರ ಲೋಡಿನಲ್ಲೇ ಎರಡು ಮೂಟೆ ಕೇಳಬಹುದು. ಒಬ್ಬರೇ ಮಾರಾಟಗಾರರನ್ನು ನಂಬಿಕೊಂಡು ಒಲೆ ಕೊಳ್ಳಬೇಡಿ, ಇಬ್ಬರಾದರೂ ಇರಲಿ.

ಒಳ್ಳೆಯ ಪೆಲೆಟ್ ಗುರುತಿಸುವುದು ಹೇಗೆ?

ಮಾದರಿಗೆ ಎರಡು ಕೆಜಿ ತಂದು ಇಷ್ಟು ಮಾಡಿ. ಒಂದು ಲೋಟ ನೀರಿಗೆ ಹತ್ತು ಪೆಲೆಟ್ ಹಾಕಿ. ಗಟ್ಟಿ ಪೆಲೆಟ್ ತಟ್ಟನೆ ಮುಳುಗುತ್ತದೆ, ತೇಲಿದರೆ ಒತ್ತಡ ಸಾಲದೆ ಸಡಿಲವಾಗಿದೆ ಎಂದರ್ಥ. ಕೆಲವೇ ನಿಮಿಷದಲ್ಲಿ ಉಬ್ಬಿ ಹೊಟ್ಟಾಗಬೇಕು. ಗಂಟೆಗಟ್ಟಲೆ ಹಾಗೇ ಉಳಿದರೆ ಏನೋ ಅಂಟು ಬೆರೆಸಿರುವ ಅನುಮಾನ ಪಡಿ. ಲೋಟದ ತಳದಲ್ಲಿ ಮರಳು ಕುಳಿತರೆ ಆ ಮೂಟೆ ಬೇಡ.

ಒಂದು ಲೀಟರ್ ಪಾತ್ರೆಗೆ ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 600ರಿಂದ 700 ಗ್ರಾಂ ಬರಬೇಕು. ಆಮೇಲೆ ಒಂದು ಕೆಜಿ ಉರಿಸಿ ಬೂದಿ ತೂಗಿ. ಮರದ ಹೊಟ್ಟಿನದಾದರೆ 10-20 ಗ್ರಾಂ, ಕಡಲೆಕಾಯಿ ಸಿಪ್ಪೆಯದಾದರೆ 30-60 ಗ್ರಾಂ. 150 ದಾಟಿದರೆ ಭತ್ತದ ಹೊಟ್ಟು ಸೇರಿದೆ. ಮಾರುವವರು ಏನೇ ಹೇಳಲಿ, ಬೂದಿ ಸುಳ್ಳು ಹೇಳುವುದಿಲ್ಲ.

ಪ್ಲೈವುಡ್, ಎಂಡಿಎಫ್, ಬಣ್ಣ ಬಳಿದ ಮರದ ಪುಡಿಯ ಪೆಲೆಟ್ ಮನೆಗೆ ತರಲೇಬೇಡಿ. ಅದರ ಅಂಟು ಉರಿದಾಗ ಬರುವ ಘಾಟು ಉಸಿರಿಗೆ ಕೆಟ್ಟದ್ದು. ಮೂಗಿಗೆ ಹಿಡಿದರೆ ಒಣ ಮರದ ವಾಸನೆ ಬರಬೇಕು, ರಾಸಾಯನಿಕದ್ದಲ್ಲ.

ಇಟ್ಟಿಗೆಯಲ್ಲಿ ಕಟ್ಟಿದ ಹಂಡೆ ಒಲೆ ಇದೆ. ಒಡೆಯಬೇಕೇ?

ಬೇಡ. ಕಟ್ಟಿದ ಗೂಡು ನಿಮ್ಮ ಆಸ್ತಿ, ಶಾಖ ಹಿಡಿದಿಡುತ್ತದೆ. ಮಾಡಬೇಕಾದದ್ದು ಇಷ್ಟು.

ಮೊದಲು ಹಂಡೆ ಎತ್ತಿ ಒಳಗಿನ ಬೂದಿ ಪೂರ್ತಿ ತೆಗೆಯಿರಿ. ಹಂಡೆಯ ತಳದ ಮಸಿಯನ್ನೂ ಹೆರೆದು ಉಜ್ಜಿ. ಮಸಿಯ ಪದರ ಶಾಖ ತಡೆಯುತ್ತದೆ. ಪೆಲೆಟ್ ಒಲೆಯನ್ನು ಗೂಡಿನೊಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಒಲೆಯ ಬಾಯಿಗೂ ಹಂಡೆಯ ತಳಕ್ಕೂ ನಡುವೆ 2ರಿಂದ 3 ಸೆಂ.ಮೀ. ಅಂತರ ಬೇಕು. ಈ ಅಂತರದಲ್ಲೇ ಅರ್ಧ ಕೆಲಸ ಇದೆ: ಕಡಿಮೆಯಾದರೆ ಜ್ವಾಲೆ ತಣ್ಣನೆಯ ತಾಮ್ರಕ್ಕೆ ಬಡಿದು ಅರ್ಧದಲ್ಲೇ ನಂದಿ ಮಸಿ ಕಟ್ಟುತ್ತದೆ, 5 ಸೆಂ.ಮೀ. ದಾಟಿದರೆ ಬಿಸಿಯೆಲ್ಲ ಪಕ್ಕಕ್ಕೆ ಹರಿದು ಚಿಮಣಿ ಸೇರುತ್ತದೆ.

ಹಂಡೆಯ ಪಕ್ಕೆಗೂ ಗೂಡಿನ ಗೋಡೆಗೂ ಸುತ್ತ 2 ಸೆಂ.ಮೀ. ಸಂದು ಬಿಡಿ. ಬಿಸಿ ಗಾಳಿ ಪಕ್ಕೆ ತಬ್ಬಿಕೊಂಡು ಏರಲಿ. ಹಂಡೆಯ ಕುತ್ತಿಗೆ ಗೂಡಿಗೆ ಕೂರುವಲ್ಲಿ ಮಾತ್ರ ಜೇಡಿಮಣ್ಣು, ಬೂದಿ ಸಮ ಬೆರೆಸಿ ಮೆತ್ತಿ. ಸಿಮೆಂಟ್ ಹಾಕಿದರೆ ಬಿಸಿಗೆ ಬಿರುಕು ಬಿಡುತ್ತದೆ, ಮುಂದೆ ಹಂಡೆ ಎತ್ತುವುದೂ ಕಷ್ಟ. ಸೌದೆ ತುರುಕುತ್ತಿದ್ದ ಬಾಯಿಗೆ ತಗಡಿನ ಬಾಗಿಲು ಮಾಡಿಸಿ. ತೆರೆದೇ ಇಟ್ಟರೆ ತಣ್ಣನೆಯ ಗಾಳಿ ನುಗ್ಗಿ ಉಳಿಸಿದ್ದೆಲ್ಲ ಹೋಗುತ್ತದೆ. ಬ್ಲೋವರ್ ಗೂಡಿನ ಹೊರಗಿರಲಿ. ಒಂದಡಿ ಉದ್ದದ ಕಬ್ಬಿಣದ ಕೊಳವೆಯಿಂದ ಗಾಳಿ ಒಳಗೆ ಕಳಿಸಿ, ಇಲ್ಲವಾದರೆ ಅದರ ಪ್ಲಾಸ್ಟಿಕ್ ರೆಕ್ಕೆ ವಾರದೊಳಗೆ ಸೊಟ್ಟಗಾಗುತ್ತದೆ.

ಚಿಮಣಿ 4 ಇಂಚಿನದು ಸಾಕು. ಹಳೆಯದು ಆಸ್ಬೆಸ್ಟಾಸ್ ಸಿಮೆಂಟಿನ ಪೈಪ್ ಆಗಿದ್ದರೆ ನೀವೇ ಕೊರೆಯಬೇಡಿ, ಒಣಗಿರುವಾಗ ಒಡೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ವಿಷ. ಕಳಚಿ ತೆಗೆಸಿ ಸ್ಟೀಲ್ ಪೈಪ್ ಹಾಕಿಸಿ. ತುದಿ ತಾರಸಿಯ ಪ್ಯಾರಪೆಟ್‌ಗಿಂತ ಮೂರಡಿ ಮೇಲಿರಲಿ. 30-40 ಸೈಟಿನ ಮನೆಗಳಲ್ಲಿ ಪಕ್ಕದವರ ವೆಂಟಿಲೇಟರ್ ಕೈಗೆಟುಕುವ ದೂರದಲ್ಲಿರುತ್ತದೆ, ಪೈಪನ್ನು ಗೋಡೆಯಿಂದ ಅಡ್ಡಕ್ಕೆ ಹೊರಗೆ ಬಿಟ್ಟು ಸುಮ್ಮನಾಗುವುದು ತಪ್ಪು.

ನಮ್ಮದು ನಡುವೆ ಕೊಳವೆ ಇರುವ ತಾಮ್ರದ ಬಾಯ್ಲರ್. ಅದಕ್ಕೆ ಆಗುತ್ತದೆಯೇ?

ಹಂಡೆಗಿಂತ ಚೆನ್ನಾಗಿ ಆಗುತ್ತದೆ. ಜ್ವಾಲೆ ನೀರಿನ ನಡುವೆಯೇ ಏರುವುದರಿಂದ ಪೆಲೆಟ್ ಇನ್ನೂ ಕಡಿಮೆ ಸಾಕು. ಎರಡು ಎಚ್ಚರ: ನೀರು ಸುರಿಯುವ ಆಲಿಕೆಯನ್ನಾಗಲಿ ಬಿಸಿನೀರು ಹೊರಬರುವ ಬಾಯನ್ನಾಗಲಿ ಎಂದೂ ಮುಚ್ಚಬೇಡಿ, ನಲ್ಲಿ ಕೂರಿಸಬೇಡಿ. ಆವಿಗೆ ದಾರಿಯಿಲ್ಲದಿದ್ದರೆ ಬಾಯ್ಲರ್ ಸಿಡಿಯುತ್ತದೆ. ನೀರಿಲ್ಲದೆ ಉರಿ ಹಾಕಬೇಡಿ. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ, ಪೆಲೆಟ್ ಜ್ವಾಲೆ ಅದರ ಮೂರು ಪಟ್ಟು ಬಿಸಿ.

ಹೊತ್ತಿಸುವ ಕ್ರಮ ಏನು?

ಉರಿಕೋಣೆಯ ಜಾಲರಿ ತೂತುಗಳು ಬೂದಿ ಕಟ್ಟಿಲ್ಲವೆಂದು ನೋಡಿ. ಪೆಲೆಟ್ಟನ್ನು ಮೇಲಿನ ಸಾಲಿನ ತೂತುಗಳಿಗಿಂತ ಎರಡು ಬೆರಳು ಕೆಳಗಿನವರೆಗೆ ತುಂಬಿ. ಮೇಲೆ ಬೆರಳುದ್ದದ ಒಣ ಸಿಬರು ಹತ್ತು ಹನ್ನೆರಡು, ನಡುವೆ ಎರಡು ಕರ್ಪೂರ. ಬ್ಲೋವರ್ ಆಫ್ ಇರಲಿ. ಸಿಬರು ಚೆನ್ನಾಗಿ ಹತ್ತಿದ ಮೇಲೆ ಬ್ಲೋವರನ್ನು ಅತಿ ಕಡಿಮೆಗೆ ಇಡಿ. ಮೂರು ನಾಲ್ಕು ನಿಮಿಷದಲ್ಲಿ ಮೇಲ್ಪದರ ಪೂರ್ತಿ ಕೆಂಪಾಗುತ್ತದೆ. ಆಮೇಲೆ ಗಾಳಿ ಏರಿಸಿ, ಒಲೆಯನ್ನು ಹಂಡೆಯ ಕೆಳಗೆ ಸರಿಸಿ. ಸೀಮೆಎಣ್ಣೆ, ಪೆಟ್ರೋಲು ಹತ್ತಿರ ತರಬೇಡಿ.

ಉರಿಯುವಾಗ ಮೇಲಿಂದ ಪೆಲೆಟ್ ಸುರಿಯಬೇಡಿ. ಸೌದೆಯ ರೂಢಿ ಇರುವ ಕೈ ಇಲ್ಲೇ ಎಡವುವುದು. ಕೆಂಡದ ಮೇಲೆ ಬಿದ್ದ ಹೊಸ ಪೆಲೆಟ್ ಒಟ್ಟಿಗೇ ಹೊಗೆಯಾಡುತ್ತದೆ. ಹೆಚ್ಚು ನೀರು ಬೇಕಾದರೆ ಮೊದಲ ಉರಿ ಮುಗಿಸಿ ಎರಡನೆಯ ಸಲ ತುಂಬಿ.

ಆದರೂ ಹೊಗೆ ಬರುತ್ತಿದೆ. ಯಾಕೆ?

ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಹೊತ್ತಿಸಿದ ಮೊದಲ ಐದು ನಿಮಿಷ ಮಾತ್ರವಾದರೆ ಸಿಬರು ಹಸಿ ಇದೆ ಅಥವಾ ಬ್ಲೋವರ್ ಬೇಗ ಹಾಕಿದ್ದೀರಿ. ಉದ್ದಕ್ಕೂ ಬಂದರೆ ಕಂಠದ ತೂತುಗಳು ಮಸಿಯಿಂದ ಮುಚ್ಚಿವೆ, ಇಲ್ಲವೇ ಮೇಲೆ ಹೇಳಿದ ಅಂತರ ಸಾಲದು. ಜ್ವಾಲೆ ಇದ್ದಕ್ಕಿದ್ದಂತೆ ಆರಿ ದಟ್ಟ ಬಿಳಿ ಹೊಗೆ ಎದ್ದರೆ ಗಾಳಿ ಜಾಸ್ತಿಯಾಗಿ ಜ್ವಾಲೆ ಕಿತ್ತು ಹೋಗಿದೆ. ಗಾಳಿ ಇಳಿಸಿ ಉದ್ದನೆಯ ಕಡ್ಡಿಯಿಂದ ಪುನಃ ಹೊತ್ತಿಸಿ, ಮುಖ ಬಗ್ಗಿಸಬೇಡಿ.

ಮೂಟೆಯ ತಳದ ಪುಡಿಯೂ ಕಾರಣವಾಗುತ್ತದೆ. ಪುಡಿ ಸಂದುಗಳನ್ನು ತುಂಬಿ ಗಾಳಿ ಕಟ್ಟುತ್ತದೆ. ಹಾಕುವ ಮುಂಚೆ ಜರಡಿ ಹಿಡಿಯಿರಿ.

ತಳದಲ್ಲಿ ಕಲ್ಲಿನಂಥ ಗಟ್ಟಿ ಬಿಲ್ಲೆ ಕಟ್ಟುತ್ತದೆ. ಅದೇನು?

ಬೂದಿ ಕರಗಿ ಹೆಪ್ಪುಗಟ್ಟಿದ ಕಿಟ್ಟ. ಪೊಟ್ಯಾಶ್ ಹೆಚ್ಚಿರುವ ಬೂದಿಗೆ ಮಣ್ಣಿನ ಮರಳು ಸೇರಿದರೆ ಬೇಗ ಕರಗುತ್ತದೆ. ಕಾಫಿ ಹೊಟ್ಟಿನ ಪೆಲೆಟ್‌ನಲ್ಲಿ ಈ ಕಾಟ ಹೆಚ್ಚು. ದಿನಾ ತಣ್ಣಗಾದ ಮೇಲೆ ಕೊಕ್ಕೆಯಿಂದ ಎಬ್ಬಿಸಿ ತೆಗೆಯಿರಿ. ನಿಲ್ಲದಿದ್ದರೆ ಅರ್ಧಕ್ಕರ್ಧ ಮರದ ಪೆಲೆಟ್ ಬೆರೆಸಿ, ಕೆಳಗಾಳಿ ತಗ್ಗಿಸಿ.

ಕರೆಂಟ್ ಹೋದರೆ?

ಬ್ಲೋವರ್ ನಿಂತರೆ ಒಲೆ ಕಮರಿ ಹೊಗೆಯಾಡುತ್ತದೆ. ಆದರೆ ಅದು ತಿನ್ನುವುದು ಕೆಲವೇ ವ್ಯಾಟ್. ವೈಫೈ ರೂಟರ್‌ಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಧಾರಾಳ ಸಾಕು. ಎಸ್‌ಪಿ ರಸ್ತೆಯಲ್ಲಿ ಯುಪಿಎಸ್ಸೂ ಬದಲಿ ಬ್ಲೋವರೂ ಸಿಗುತ್ತವೆ. ಬ್ಲೋವರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಬರೆದುಕೊಂಡು ಹೋಗಿ. ಕಂಪ್ಯೂಟರಿನ ಚೌಕದ ಫ್ಯಾನ್ ಬೇಡ, ಪೆಲೆಟ್ ಪದರವನ್ನು ದಾಟುವ ಒತ್ತಡ ಅದಕ್ಕಿಲ್ಲ. ಬಸವನಹುಳು ಆಕಾರದ ಬ್ಲೋವರೇ ಬೇಕು. ಬಚ್ಚಲಲ್ಲಿ ನೀರು ಚಿಮ್ಮುವುದರಿಂದ ಅಡಾಪ್ಟರ್ ಮತ್ತು ಸ್ವಿಚ್ ಹೊರಗಿನ ಗೋಡೆಯಲ್ಲಿರಲಿ.

ಮಳೆಗಾಲದಲ್ಲಿ ಎಲ್ಲಿಡುವುದು?

ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. 100 ಲೀಟರ್ ಡ್ರಮ್ಮಿಗೆ 60-65 ಕೆಜಿ ಹಿಡಿಯುತ್ತದೆ. ಬಚ್ಚಲುಮನೆಯೊಳಗೆ ಒಂದು ದಿನದ್ದಕ್ಕಿಂತ ಹೆಚ್ಚು ಇಡಬೇಡಿ. ನೆನೆದು ಉಬ್ಬಿದ್ದು ಒಣಗಿಸಿದರೂ ಪೆಲೆಟ್ ಆಗುವುದಿಲ್ಲ, ಗೊಬ್ಬರದ ಗುಂಡಿಗೆ ಹಾಕಿ.

ಚಳಿಗೆ ಒಲೆಯನ್ನು ರೂಮಿಗೆ ತಂದಿಟ್ಟುಕೊಳ್ಳಬಹುದೇ?

ಬೇಡ, ಯಾವ ಕಾರಣಕ್ಕೂ ಬೇಡ. ಜ್ವಾಲೆ ಮುಗಿದ ಮೇಲೆ ಪೆಲೆಟ್ ತೂಕದ ಸುಮಾರು ಐದನೇ ಒಂದು ಭಾಗ ಇದ್ದಿಲ ಕೆಂಡವಾಗಿ ಉಳಿಯುತ್ತದೆ. ಆಗ ಹೊಗೆ ಕಾಣುವುದಿಲ್ಲ, ವಾಸನೆ ಇರುವುದಿಲ್ಲ. ಆದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಹೊರಡುವುದು ಆಗಲೇ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುವ ಹಳೆಯ ರೂಢಿ ಹೆಂಚಿನ ಮನೆಗಳದ್ದು, ಅಲ್ಲಿ ಸಂದಿಯಿಂದ ಗಾಳಿ ಆಡುತ್ತಿತ್ತು. ಕಿಟಕಿ ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಅದೇ ಕೆಂಡ ಮಲಗಿದವರ ಜೀವ ತೆಗೆಯುತ್ತದೆ.

ಚಳಿ ದೇಶಗಳಲ್ಲಿ ಕೋಣೆ ಬೆಚ್ಚಗಿಡುವ ಪೆಲೆಟ್ ಸ್ಟೋವ್‌ಗಳೇ ಬೇರೆ. ಅವುಗಳ ಉರಿಕೋಣೆ ಗಾಜಿನ ಬಾಗಿಲಿಂದ ಮುಚ್ಚಿರುತ್ತದೆ, ಹೊಗೆಯನ್ನು ಫ್ಯಾನ್ ಪೈಪಿನ ಮೂಲಕ ಹೊರಗೆ ತಳ್ಳುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದು ಬೆಂಗಳೂರಿನ ದಾಖಲೆ. ಸಾಮಾನ್ಯ ಜನವರಿ ರಾತ್ರಿ 15-16 ಡಿಗ್ರಿ. ಇಷ್ಟಕ್ಕೆ ಆ ಯಂತ್ರ ಬೇಕಿಲ್ಲ, ಕಂಬಳಿ ಸಾಕು.

ಬಚ್ಚಲಿನಲ್ಲೂ ಇದೇ ಎಚ್ಚರ. ಒಲೆಯ ಬಾಯಿ ಹೊರಗಿನ ಹಿತ್ತಲಿಗೆ ತೆರೆಯುವುದಾದರೆ ಅತ್ಯುತ್ತಮ. ಒಳಗೇ ಇದ್ದರೆ ಬಾಗಿಲ ಕೆಳಗೊಂದು, ಸೂರಿನ ಹತ್ತಿರವೊಂದು ಮುಚ್ಚಲಾಗದ ಗಾಳಿಕಿಂಡಿ ಬೇಕು. ಸ್ನಾನಕ್ಕೆ ಹೋಗುವ ಮುಂಚೆ ಕೆಂಡದ ಒಲೆಯನ್ನು ಹೊರಗೆ ಎಳೆದಿಡಿ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಹಾಕಿ. ಎಲ್‌ಪಿಜಿ ಸೋರಿಕೆಯ ಅಲಾರಂ ಈ ಕೆಲಸ ಮಾಡುವುದಿಲ್ಲ. ತಲೆನೋವು, ವಾಕರಿಕೆ, ಕಾಲು ಸೋತಂತಾದರೆ ತಕ್ಷಣ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ.

ಬೂದಿ ಏನು ಮಾಡುವುದು?

ಒಂದು ದಿನ ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ಇಡಿ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತದೆ, ನೇರ ಕಸದ ಗಾಡಿಗೆ ಹಾಕಿದರೆ ಬೆಂಕಿ ಹತ್ತೀತು. ಶುದ್ಧ ಮರದ ಬೂದಿ ಗಿಡಗಳಿಗೆ ಹಿಡಿಯಷ್ಟು ಹಾಕಬಹುದು, ಕ್ಷಾರ ಹೆಚ್ಚಿರುವುದರಿಂದ ಪದೇ ಪದೇ ಬೇಡ.

ವರ್ಷಕ್ಕೊಮ್ಮೆ ಏನು ಮಾಡಬೇಕು?

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ತಿಕ್ಕಿ ತೊಳೆಯುತ್ತೀರಿ. ಅದಕ್ಕೆ ಎರಡು ದಿನ ಮುಂಚೆ ಇದನ್ನೂ ಮಾಡಿ: ಚಿಮಣಿಗೆ ಮೇಲಿಂದ ತಂತಿ ಬ್ರಷ್ ಇಳಿಸಿ ಮಸಿ ಉದುರಿಸಿ. ಉರಿಕೋಣೆಯ ಪ್ರತಿ ತೂತನ್ನೂ ಮೊಳೆಯಿಂದ ಬಿಡಿಸಿ. ಬ್ಲೋವರ್ ರೆಕ್ಕೆಯ ಧೂಳು ತೆಗೆಯಿರಿ. ಹಂಡೆಯ ಕುತ್ತಿಗೆಯ ಮಣ್ಣು ಬಿರಿದಿದ್ದರೆ ಹೊಸದು ಮೆತ್ತಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಗಿನ ಬಿಳಿ ಗಾರೆ ಬಿಡಿಸಲು ಹುಣಸೆಹಣ್ಣಿನ ರಸ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತಿಕ್ಕುವುದು ಸುಲಭ.

ಹಳೆಯ ಸೌದೆ ಇನ್ನೂ ರಾಶಿ ಇದೆ.

ಸೀಳಿ, ಹೆಬ್ಬೆರಳ ದಪ್ಪಕ್ಕೆ, ಎರಡಂಗುಲ ಉದ್ದಕ್ಕೆ ಕತ್ತರಿಸಿ, ಬೇಸಿಗೆ ಬಿಸಿಲಿನಲ್ಲಿ ಆರು ವಾರ ಒಣಗಿಸಿದರೆ ಇದೇ ಒಲೆಯಲ್ಲಿ ಉರಿಯುತ್ತದೆ. ಒಂದು ಸಲಕ್ಕೆ ಹಿಡಿಯುವುದು ಪೆಲೆಟ್‌ನ ಅರ್ಧದಷ್ಟು ತೂಕ ಮಾತ್ರ, ಹಾಗಾಗಿ ಎರಡು ಸಲ ತುಂಬಬೇಕು. ತೆಂಗಿನ ಚಿಪ್ಪಿನ ಚೂರೂ ನಡೆಯುತ್ತದೆ. ಒಂದೆರಡು ಚೀಲ ಸಿಬರನ್ನು ಹೊತ್ತಿಸುವುದಕ್ಕೆಂದೇ ಎತ್ತಿಡಿ.